ಇಪ್ಪತ್ತೈದನೆಯ ಕಾರ್ಡು

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಮೇಜಿನ ಗಿಡ್ಡ ಕಾಲು. ಗಿಡ್ಡ ಎಂದರೆ ಬಹಳವೇನಲ್ಲ, ಮಡಿಸಿದ ರಟ್ಟಿನಷ್ಟು ಮಾತ್ರ. ಕಾಲೇಜಿನ ಗ್ರಂಥಾಲಯದ ಓದುವ ಕೋಣೆಯಲ್ಲಿ, ಪಶ್ಚಿಮದ ಕಿಟಕಿಯ ಪಕ್ಕ, ಆ ಮೇಜು ಇಪ್ಪತ್ತೆರಡು ವರ್ಷ ಅಲುಗಾಡದೆ ನಿಂತಿತ್ತು. ಏಕೆಂದರೆ ಆ ಮೂಲೆಯಲ್ಲಿ ನೆಲವೂ ಸರಿಯಾಗಿ ಅಷ್ಟೇ ಉಬ್ಬಿತ್ತು. ಈ ಗುಟ್ಟು ಗೊತ್ತಿದ್ದದ್ದು ಗ್ರಂಥಪಾಲರೊಬ್ಬರಿಗೇ. ಅಂತರ ಕಾಲೇಜು ಕ್ರೀಡಾಕೂಟದ ಕೊನೆಯ ದಿನ ನಾಲ್ವರು ವಿದ್ಯಾರ್ಥಿಗಳು ಬಂದು ಅದನ್ನು ಮೈದಾನಕ್ಕೆ ಹೊತ್ತೊಯ್ಯುವಾಗ, "ಅದೊಂದು ಬೇಡ, ಬೇರೆ ಯಾವುದಾದ್ರೂ ತಗೊಂಡ್ಹೋಗಿ" ಎಂದು ಅವರು ಹೇಳಿಯೂ ಹೇಳಿದರು. ಆದರೆ ಅವರು ಏನು ಹೇಳಿದರೂ ಪಿಸುಮಾತಿನಲ್ಲೇ ಹೇಳುವುದರಿಂದ ಯಾರ ಕಿವಿಗೂ ಬೀಳಲಿಲ್ಲ.

ಆ ಪಿಸುಮಾತು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ತುಟಿಯ ಮೇಲೆ ಬೆರಳಿಟ್ಟು "ಶ್" ಎನ್ನುವುದೇ ಅವರ ದಿನದ ಮೊದಲ ಮಾತು, ಅದೇ ಕೊನೆಯ ಮಾತು. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಶ್ ಸರ್. ಮನೆಯಲ್ಲಿ ಕುಕ್ಕರ್ ಕೂಗಿದರೂ ಅವರ ಬೆರಳು ತಾನಾಗಿ ತುಟಿಗೆ ಹೋಗುತ್ತಿತ್ತು.

ಅಂಥವರಿಗೆ ಕ್ರೀಡಾಕೂಟದ ಗದ್ದಲದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಅವರೂ ಅದನ್ನೇ ಕೇಳಿದ್ದರು. ಹಿಂದಿನ ವಾರ ಸಿಬ್ಬಂದಿ ಸಭೆಯಲ್ಲಿ ಕೆಲಸ ಹಂಚುವಾಗ ಪಿ.ಟಿ. ಮೇಷ್ಟ್ರು ಎದ್ದುನಿಂತು, "ಹತ್ತು ಸಾವಿರ ಮೀಟರ್ ಓಟಕ್ಕೆ ಸುತ್ತು ಎಣಿಸೋರು ಒಬ್ರು ಬೇಕು. ಇಪ್ಪತ್ತೈದು ಸುತ್ತು. ಲೈಬ್ರರಿ ಸರ್ ಇರ್ಲಿ. ವರ್ಷಾ ವರ್ಷಾ ಹದಿನೆಂಟು ಸಾವಿರ ಪುಸ್ತಕ ಎಣಿಸೋರಿಗೆ ಇಪ್ಪತ್ತೈದು ಯಾವ ಲೆಕ್ಕ?" ಎಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ತಮ್ಮ ತಲೆಯ ಮೇಲೆ ಬೀಳದ ಕೆಲಸಕ್ಕೆ ಎಲ್ಲರೂ ಧಾರಾಳವಾಗಿ ಚಪ್ಪಾಳೆ ತಟ್ಟುತ್ತಾರೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಸಭೆಯ ಕೊನೆಯಲ್ಲಿ ಪ್ರಿನ್ಸಿಪಾಲರು ಕನ್ನಡಕ ಒರೆಸುತ್ತ ಇನ್ನೊಂದು ಮಾತು ಸೇರಿಸಿದರು. "ಈ ಸಲ ಚಾಂಪಿಯನ್‌ಶಿಪ್ ಕಪ್ ನಮ್ಮದಾಗಲೇಬೇಕು. ಆದ್ರೆ ಅದನ್ನ ಇಡೋಕೆ ಒಂದು ಒಳ್ಳೆ ಜಾಗ ಬೇಕಲ್ಲ? ಓದುವ ಕೋಣೆ ಇದೆಯಲ್ಲ, ಬೆಳಕು ಚೆನ್ನಾಗಿದೆ, ಅದನ್ನೇ ಟ್ರೋಫಿ ಹಾಲ್ ಮಾಡಿಬಿಡೋಣ. ಓದೋರು ಸೈಕಲ್ ಸ್ಟ್ಯಾಂಡ್ ಪಕ್ಕದ ವರಾಂಡದಲ್ಲಿ ಕೂತು ಓದ್ಲಿ. ಗಾಳಿ ಬರುತ್ತೆ."

ಆ ಕೋಣೆ ಶ್ ಸರ್ ಪ್ರಾಣ. ಆರು ಉದ್ದ ಮೇಜು, ನಲವತ್ತೆಂಟು ಕುರ್ಚಿ, ಮಧ್ಯಾಹ್ನ ಮೂರು ಗಂಟೆಗೆ ಕಿಟಕಿಯಿಂದ ಇಳಿದು ನಿಧಾನವಾಗಿ ನಿಘಂಟುಗಳ ಕಡೆಗೆ ಸರಿಯುವ ಬಿಸಿಲು, ಮತ್ತೆ ಆ ಮೌನ. ಆ ಮೌನವನ್ನು ಅವರು ಇಪ್ಪತ್ತೆರಡು ವರ್ಷ ದಿನಾ ನೀರೆರೆದು ಬೆಳೆಸಿದ್ದರು. ಕಪ್ ಗೆದ್ದರೆ ಅದೆಲ್ಲ ಹೋಗುತ್ತದೆ. ಸೋತರೆ ಉಳಿಯುತ್ತದೆ. ನಮ್ಮ ಕಾಲೇಜು ಸೋಲಲಿ ಎಂದು ಬಯಸುವುದು ಮಹಾ ತಪ್ಪು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಯಸಿದರು.

ಹಾಗೆಂದು ಕೆಲಸದಲ್ಲಿ ಮೋಸ ಮಾಡುವ ಜೀವ ಅವರದಲ್ಲ. ಸುತ್ತು ಎಣಿಸಲು ಅವರು ಹೂಡಿದ ಉಪಾಯವೇ ಅದಕ್ಕೆ ಸಾಕ್ಷಿ. ಗ್ರಂಥಾಲಯದ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು ಇರುತ್ತದೆ. ಪುಸ್ತಕವನ್ನು ಯಾರಾದರೂ ಒಯ್ದರೆ ಆ ಕಾರ್ಡಿನ ಮೇಲೆ ಒಯ್ದವರ ಹೆಸರು ಬರೆದು ಇಟ್ಟುಕೊಳ್ಳುತ್ತಾರೆ. ಗಡುವು ಮೀರಿದರೂ ಪುಸ್ತಕ ಬಾರದಿದ್ದರೆ ಕಾರ್ಡು ಒಂದು ಕೆಂಪು ಪೆಟ್ಟಿಗೆಗೆ ಹೋಗುತ್ತದೆ, ಆಮೇಲೆ ಹೆಸರು ನೋಟಿಸ್ ಬೋರ್ಡಿಗೆ. ಶ್ ಸರ್ ಕೈಯಲ್ಲೊಂದು ಕಾರ್ಡು ಹಿಡಿದು ಕಾರಿಡಾರಿನಲ್ಲಿ ಹೊರಟರೆಂದರೆ ಸಾಕು, ಎಂಥ ಧೈರ್ಯವಂತರೂ ಕಂಬದ ಹಿಂದೆ ಸರಿಯುತ್ತಿದ್ದರು. ಒಬ್ಬನಂತೂ ರಸಾಯನಶಾಸ್ತ್ರದ ಲ್ಯಾಬಿನ ಕಿಟಕಿಯಿಂದ ಆಚೆ ಹಾರಿದ್ದ.

ಆ ವರ್ಷ ಕೆಂಪು ಪೆಟ್ಟಿಗೆಯಲ್ಲಿದ್ದ ಕಾರ್ಡುಗಳು ಸರಿಯಾಗಿ ಇಪ್ಪತ್ತೈದು. ಶ್ ಸರ್‌ಗೆ ಇದು ದೇವರೇ ಕೊಟ್ಟ ಲೆಕ್ಕ ಅನ್ನಿಸಿತು. ಎಡಗಡೆ ಕಾರ್ಡಿನ ಕಟ್ಟು. ಮುಂದಿರುವ ಓಟಗಾರ ಒಂದು ಸುತ್ತು ಮುಗಿಸಿದ ಕೂಡಲೇ ಒಂದು ಕಾರ್ಡು ಬಲಗಡೆಗೆ. ಎಡಗಡೆ ಒಂದೇ ಕಾರ್ಡು ಉಳಿದಾಗ ಗಂಟೆ ಬಾರಿಸಿದರೆ, ಕೊನೆಯ ಸುತ್ತು.

"ಪ್ರಪಂಚ ತಲೆಕೆಳಗಾದ್ರೂ ಈ ಲೆಕ್ಕ ತಪ್ಪಲ್ಲ" ಎಂದು ಅವರು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ ಹೆಂಡತಿಗೆ ಹೇಳಿದರು.

"ಲೆಕ್ಕದ ಚಿಂತೆ ನನಗಿಲ್ಲ" ಎಂದರು ಆಕೆ. "ಮೈದಾನದಲ್ಲಿ ಯಾರಿಗೂ ಬಾಯ್ಮುಚ್ಚಿ ಅಂತ ಬೆರಳು ತೋರಿಸ್ಬೇಡಿ, ಅಷ್ಟೇ. ಅಲ್ಲಿ ಕೂಗೋಕೇ ಬಂದಿರ್ತಾರೆ. ಮತ್ತೆ ನನ್ನ ತಮ್ಮ ಮೈಕ್ ಹಿಡ್ಕೊಂಡಿರ್ತಾನೆ. ಅವನ ಮೇಲೆ ಒಂದು ಕಣ್ಣಿಟ್ಟಿರಿ."

ಆ ತಮ್ಮ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಸ್ಟಾಫ್ ರೂಮಿನಲ್ಲಿ ಅವನ ಹೆಸರು ಮೈಕಾಸುರ. ಕಾಲೇಜಿನಲ್ಲಿ ಯಾವ ಕಾರ್ಯಕ್ರಮವಾದರೂ ನಿರೂಪಣೆ ಅವನದೇ. ಅವನ ಗಂಟಲಿಗೆ ಮೈಕಿನ ಅಗತ್ಯವೇನೂ ಇರಲಿಲ್ಲ. ಒಂದು ಶೋಭೆಗೆ ಹಿಡಿದುಕೊಳ್ಳುತ್ತಿದ್ದ.

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಕೂಟ ರಂಗೇರಿತ್ತು. ಕೊನೆಯದಾಗಿ ಉಳಿದದ್ದು ಹತ್ತು ಸಾವಿರ ಮೀಟರ್ ಓಟ ಒಂದೇ. ನಮ್ಮ ಕಾಲೇಜು ಮತ್ತು ಸೇತುವೆಯಾಚೆಯ ಕಾಲೇಜು ಅಂಕದಲ್ಲಿ ಸಮ ಸಮ. ಈ ಓಟ ಯಾರದೋ ಕಪ್ ಅವರದು. ಆಚೆಯವರ ಓಟಗಾರ ಸಣಕಲು ಹುಡುಗ, ಬಾಣ ಎಂದೇ ಎಲ್ಲರೂ ಕರೆಯುತ್ತಿದ್ದರು. ನಮ್ಮವನ ಅಡ್ಡಹೆಸರು ಗೂಡ್ಸ್ ಗಾಡಿ. ನಿಧಾನವಾಗಿ ಹೊರಡುತ್ತಾನೆ, ಆದರೆ ಒಮ್ಮೆ ಹೊರಟರೆ ನಿಲ್ಲಿಸುವುದು ಕಷ್ಟ.

ಮುಕ್ತಾಯದ ಗೆರೆಯ ಪಕ್ಕದಲ್ಲಿ ಆ ಗಿಡ್ಡಗಾಲಿನ ಮೇಜು. ಶ್ ಸರ್ ಕಾರ್ಡುಗಳನ್ನು ಮೂರು ಸಲ ಎಣಿಸಿದರು, ಇಪ್ಪತ್ತೈದು. ಅವುಗಳ ಮೇಲೆ ಪೇಪರ್‌ವೇಟ್ ಇಟ್ಟು, ಕಚೇರಿಯ ಗಂಟೆ ತರಲು ಹೋದರು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಮೈಕಾಸುರ. ಅವನು ಆವೇಶದಿಂದ ಮೇಜು ಗುದ್ದಿದಾಗಲೆಲ್ಲ ಮೇಜು ವಾಲುತ್ತಿತ್ತು, ಮೈಕು ಕೊರ್ ಎನ್ನುತ್ತಿತ್ತು, ಮೂರನೆಯ ಸಲಕ್ಕೆ ಟೀ ಚೆಲ್ಲಿ ಪ್ಯಾಂಟಿನ ಮೇಲೆ ಬಿತ್ತು. ಅವನು ಸುತ್ತ ನೋಡಿದ. ಕೈಗೆ ಸಿಕ್ಕಿದ್ದು ಒಂದು ದಪ್ಪ ಕಾಗದ. ಕಟ್ಟಿನ ಅಡಿಯಿಂದ ಸರಕ್ಕನೆ ಎಳೆದು, ನಾಲ್ಕು ಮಡಿಕೆ ಮಾಡಿ, ಬಗ್ಗಿ ಮೇಜಿನ ಕಾಲ ಕೆಳಗೆ ತುರುಕಿದ. ಮೇಜು ಕಲ್ಲಿನಂತೆ ನಿಂತಿತು. ಗಂಟೆ ಹೊತ್ತು ಬಂದ ಶ್ ಸರ್ ಮೇಜನ್ನು ಮುಟ್ಟಿ ನೋಡಿ, ಇಲ್ಲೂ ನೆಲ ಉಬ್ಬಿದೆಯಲ್ಲ ಎಂದು ಸಂತೋಷಪಟ್ಟರು. ಕಾರ್ಡು ಮತ್ತೆ ಎಣಿಸಲಿಲ್ಲ. ಮೂರು ಸಲ ಎಣಿಸಿದ್ದನ್ನು ನಾಲ್ಕನೆಯ ಸಲ ಎಣಿಸುವುದು ಅನುಮಾನದ ಮನುಷ್ಯರ ಕೆಲಸ, ಅವರದಲ್ಲ.

ಪಿಸ್ತೂಲು ಢಂ ಎಂದಿತು. ಶ್ ಸರ್ ಬೆರಳು ತುಟಿಗೆ ಹೋಯಿತು. ಒಂಬತ್ತು ಮಂದಿ ಓಟಕ್ಕಿಳಿದರು.

ಒಂದು, ಎರಡು, ಮೂರು. ಕಾರ್ಡುಗಳು ಶಿಸ್ತಾಗಿ ಎಡದಿಂದ ಬಲಕ್ಕೆ ಸರಿದವು. ಆರನೆಯ ಸುತ್ತಿನಲ್ಲಿ ರಸಾಯನಶಾಸ್ತ್ರದ ಮೇಡಂ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

"ಸರ್, ನಾನು ಕೇಳಿದ್ದ ಪುಸ್ತಕ ಬಂತಾ? ಆ ನೀಲಿ ರಟ್ಟಿನದ್ದು."

"ನೀಲಿ ರಟ್ಟಿನ ಪುಸ್ತಕ ಮುನ್ನೂರ ಹನ್ನೊಂದಿವೆ ಮೇಡಂ" ಎಂದು ಶ್ ಸರ್ ಕಣ್ಣು ಕದಲಿಸದೆ ಹೇಳಿ, ಆರನೆಯ ಕಾರ್ಡು ಸರಿಸಿದರು.

ಒಂಬತ್ತನೆಯ ಸುತ್ತಿಗೆ ಕಚೇರಿಯ ಮ್ಯಾನೇಜರು ರಜಾ ಅರ್ಜಿಯ ಪ್ರಶ್ನೆ ಹೊತ್ತು ಬಂದರು. ಹದಿನಾಲ್ಕಕ್ಕೆ ಕ್ಯಾಂಟೀನಿನವನು, "ಸರ್, ನಿಮ್ಮ ಲೋಟ ಯಾವುದು, ಸಕ್ಕರೆ ಹಾಕಿದ್ದಾ, ಹಾಕದ್ದಾ?" ಎಂದು ಎರಡು ಲೋಟ ಮೂಗಿನ ಕೆಳಗೆ ಹಿಡಿದ. ಹದಿನೇಳಕ್ಕೆ ಪಿ.ಟಿ. ಮೇಷ್ಟ್ರೇ ಓಡಿಬಂದರು.

"ಎಷ್ಟಾಯ್ತು ಸರ್?"

"ಹದಿನೇಳು."

"ಖಾತ್ರಿನಾ?"

ಶ್ ಸರ್ ಬಲಗಡೆಯ ಕಟ್ಟಿನ ಕಡೆ ಬೆರಳು ತೋರಿಸಿದರು. ಅವರ ಮುಖದ ಮೇಲಿನ ಆತ್ಮವಿಶ್ವಾಸ ನೋಡಿ ಮೇಷ್ಟ್ರಿಗೇ ನಾಚಿಕೆಯಾಯಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ದಿನ ಶ್ ಸರ್ ಒಂದೇ ಒಂದು ಸುತ್ತನ್ನೂ ತಪ್ಪಿಸಲಿಲ್ಲ. ಎಣಿಕೆ ಸರಿಯಾಗಿಯೇ ಇತ್ತು, ಕಾರ್ಡು ಮಾತ್ರ ಇಪ್ಪತ್ನಾಲ್ಕಿದ್ದವು.

ಹೀಗಾಗಿ, ಎಡಗಡೆ ಒಂದೇ ಕಾರ್ಡು ಉಳಿದಾಗ ಮುಗಿದಿದ್ದದ್ದು ಇಪ್ಪತ್ಮೂರು ಸುತ್ತು. ಬಲಗಡೆಯ ಕಟ್ಟನ್ನು ಎಣಿಸುವ ಪುರಸೊತ್ತು ಯಾರಿಗಿತ್ತು? ಶ್ ಸರ್ ಎದ್ದುನಿಂತು ಗಂಟೆ ಬಾರಿಸಿದರು.

"ಕೊನೇ ಸುತ್ತು! ಕೊನೇ ಸುತ್ತು!" ಮೈಕಾಸುರ ಮೇಜು ಗುದ್ದಿದ. ಮೇಜು ಅಲುಗಾಡಲಿಲ್ಲ. "ಬಾಣ ಬಿಲ್ಲಿಂದ ಬಿಟ್ಟಾಯ್ತು! ನಮ್ಮ ಗೂಡ್ಸ್ ಗಾಡಿ ಹಿಂದೇನೇ ಇದೆ, ನಲವತ್ತು ಮೀಟರು, ಐವತ್ತು ಮೀಟರು... ಅಯ್ಯೋ, ಇದ್ದ ಶಕ್ತಿಯೆಲ್ಲ ಹಾಕಪ್ಪಾ!"

ಹಾಕಿದರೂ ಸಾಲಲಿಲ್ಲ. ಬಾಣ ಮೊದಲು ಗೆರೆ ದಾಟಿದ, ದಾಟಿದವನೇ ಹುಲ್ಲಿನ ಮೇಲೆ ಮಲಗಿ ಶೂ ಕಳಚಿ ಎಸೆದ. ಸೇತುವೆಯಾಚೆಯವರು ಹೋ ಎಂದು ನುಗ್ಗಿದರು. ಗಡಿಯಾರ ಹಿಡಿದಿದ್ದವರು ಸಮಯ ನೋಡಿ ಕಣ್ಣುಜ್ಜಿಕೊಂಡರು. "ದಾಖಲೆ! ವಿಶ್ವವಿದ್ಯಾಲಯದ ದಾಖಲೆಯನ್ನ ಪೂರ್ತಿ ಒಂದೂವರೆ ನಿಮಿಷ ಮುರಿದಿದ್ದಾನೆ!" ಎಂದು ಮೈಕಾಸುರ ಕೂಗಿದ. ಒಂದೂವರೆ ನಿಮಿಷ ಎಲ್ಲಿಂದ ಬಂತು ಎಂದು ಯಾರೂ ಯೋಚಿಸಲಿಲ್ಲ.

ಶ್ ಸರ್ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸೋತೆವು! ಕೋಣೆ ಉಳಿಯಿತು! ಆರು ಮೇಜು, ನಲವತ್ತೆಂಟು ಕುರ್ಚಿ, ಮೂರು ಗಂಟೆಯ ಬಿಸಿಲು, ಎಲ್ಲ ಉಳಿಯಿತು! ಸಂತೋಷ ಒಳಗೆ ಹಿಡಿಸದೆ, ಅವರಿಗೆ ಆ ಪಾಪದ ಗೂಡ್ಸ್ ಗಾಡಿಯ ಮೇಲೆ ಒಮ್ಮೆಗೇ ಎಲ್ಲಿಲ್ಲದ ಮಮತೆ ಉಕ್ಕಿತು. ತನ್ನ ಕೋಣೆ ಉಳಿಸಿಕೊಟ್ಟ ಮಹಾನುಭಾವ! ಕೊನೆಯ ಕಾರ್ಡು ಕೈಯಲ್ಲಿ ಹಿಡಿದೇ ಅವರು ಎದ್ದರು. ಎರಡೂ ತೋಳು ಚಾಚಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ವಿದ್ಯಾರ್ಥಿಯನ್ನು ನೋಡಿ ನಗುತ್ತ, ಓಡುಹಾದಿಯ ಕಡೆಗೆ ಹೆಜ್ಜೆ ಹಾಕಿದರು.

ಗೂಡ್ಸ್ ಗಾಡಿ ಗೆರೆಯ ಹತ್ತಿರ ಬಂದವನು ಅವರನ್ನು ನೋಡಿದ. ಕೈಯನ್ನು ನೋಡಿದ. ಅವನ ಮುಖದ ಬಣ್ಣವೇ ಹೋಯಿತು. ನಿಲ್ಲಲು ಇಳಿಸಿದ್ದ ವೇಗವನ್ನು ಮತ್ತೆ ಏರಿಸಿ, ಶ್ ಸರ್ ತೋಳಿನ ಕೆಳಗೆ ನುಸುಳಿ, ಓಡಿಯೇ ಓಡಿದ.

"ಅರೆ! ಗೂಡ್ಸ್ ಗಾಡಿ ನಿಲ್ದಾಣ ಮರ್ತು ಮುಂದೆ ಹೋಗ್ತಿದೆ!" ಮೈಕಾಸುರ ಕೂಗಿದ. "ಯಾರಾದ್ರೂ ಕೆಂಪು ಬಾವುಟ ತೋರ್ಸಿ!"

ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಳಿದವರೆಲ್ಲ ಬಂದು ಬಂದು ಹುಲ್ಲಿನ ಮೇಲೆ ಬಿದ್ದುಕೊಂಡರು. ಖಾಲಿ ಹಾದಿಯಲ್ಲಿ ಅವನೊಬ್ಬನೇ ಓಡುತ್ತಿದ್ದ.

ತಬ್ಬಿಕೊಳ್ಳಲು ಯಾರೂ ಸಿಗದ ಶ್ ಸರ್ ಮೇಜಿಗೆ ಹಿಂತಿರುಗಿ, ಅಭ್ಯಾಸದಂತೆ ಕಾರ್ಡುಗಳನ್ನು ಒಟ್ಟು ಮಾಡಿ ಎಣಿಸಿದರು. ಇಪ್ಪತ್ನಾಲ್ಕು. ನಕ್ಕು ಮತ್ತೆ ಎಣಿಸಿದರು. ಇಪ್ಪತ್ನಾಲ್ಕು. ಈ ಸಲ ನಗು ಬರಲಿಲ್ಲ. ಪೇಪರ್‌ವೇಟ್ ಎತ್ತಿ ನೋಡಿದರು, ಜೇಬು ನೋಡಿದರು, ಮೈಕಾಸುರನ ಟೀ ಲೋಟದ ಕೆಳಗೆ ನೋಡಿದರು. ಕೊನೆಗೆ ಪೆನ್ನು ಕೆಳಗೆ ಬಿದ್ದವರಂತೆ ಮೇಜಿನಡಿಗೆ ಬಗ್ಗಿದರು. ಅಲ್ಲಿತ್ತು. ನಾಲ್ಕು ಮಡಿಕೆಯಾಗಿ, ಇಡೀ ಕ್ರೀಡಾಕೂಟದ ಭಾರ ಹೊತ್ತು ಕೂತಿತ್ತು, ಇಪ್ಪತ್ತೈದನೆಯ ಕಾರ್ಡು.

ಬಗ್ಗಿದ ಶ್ ಸರ್ ಮೇಲೇಳಲಿಲ್ಲ. ಅವರ ತಲೆ ಎಂದೂ ಇಲ್ಲದ ವೇಗದಲ್ಲಿ ಓಡತೊಡಗಿತು. ಗಂಟೆ ಒಂದು ಸುತ್ತು ಮೊದಲೇ ಬಾರಿಸಿದೆ. ಎಂಟು ಜನ ಕಡಿಮೆ ಓಡಿದ್ದಾರೆ. ಪೂರ್ತಿ ಇಪ್ಪತ್ತೈದು ಸುತ್ತು ಓಡುತ್ತಿರುವವನು ಒಬ್ಬನೇ, ಆ ಮೂರ್ಖನಂತೆ ಕಾಣುತ್ತಿರುವ ಗೂಡ್ಸ್ ಗಾಡಿ. ಇದನ್ನು ಹೇಳಿದರೆ ಓಟ ಅವನದು. ಓಟ ಅವನದಾದರೆ ಕಪ್ ನಮ್ಮದು. ಕಪ್ ನಮ್ಮದಾದರೆ... ಅವರ ಕಣ್ಣ ಮುಂದೆ ಸೈಕಲ್ ಸ್ಟ್ಯಾಂಡಿನ ಪಕ್ಕದ ವರಾಂಡ ಬಂದು ನಿಂತಿತು.

ವಿಷಯ ಗೊತ್ತಿರುವುದು ತನಗೊಬ್ಬನಿಗೇ. ಕಾರ್ಡು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಬಾಯಿಗೆ ಹಾಕಿ ನುಂಗಿದರೆ ಇನ್ನೂ ಭದ್ರ. ಒಂದು ಕ್ಷಣ ಅವರು ನಿಜಕ್ಕೂ ಅದರ ಗಾತ್ರ ನೋಡಿದರು.

ಅಷ್ಟರಲ್ಲಿ ಮೇಜಿನ ಕಾಲುಗಳ ನಡುವಿನಿಂದ ಅವರಿಗೆ ಗೂಡ್ಸ್ ಗಾಡಿ ಕಾಣಿಸಿದ. ಕೊನೆಯ ತಿರುವಿನಲ್ಲಿ, ಬಾಯಿ ತೆರೆದುಕೊಂಡು, ಕಾಲು ಎಳೆದುಕೊಂಡು ಬರುತ್ತಿದ್ದ. ಗ್ಯಾಲರಿಯ ಜನ ರೈಲಿನ ಸದ್ದು ಮಾಡಿ ಅವನನ್ನು ಅಣಕಿಸುತ್ತಿದ್ದರು. ಸರಿಯಾಗಿ ಓಡಿದವನೊಬ್ಬನೇ, ಅವನಿಗೇ ಈ ಹಾಸ್ಯ! ಶ್ ಸರ್‌ಗೆ ಜೊತೆಗೆ ಇನ್ನೊಂದು ಸಂಕಟ. ಅವರ ಗ್ರಂಥಾಲಯದಲ್ಲಿ ಈವರೆಗೆ ಒಂದು ಕಾರ್ಡೂ ಲೆಕ್ಕ ತಪ್ಪಿಲ್ಲ. ಈಗ ತಪ್ಪಿಸಿದರೆ ಆ ಕೋಣೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು?

ಅವರು ಮೇಜಿನಡಿಯಿಂದ ಎದ್ದರು, ತಲೆಗೆ ಮೇಜು ಬಡಿಯಿತು. ಎದ್ದವರೇ ಗಂಟೆಯನ್ನು ಎರಡೂ ಕೈಯಿಂದ ಬಡಿದು, ಗಂಟಲು ಹರಿಯುವಂತೆ ಕೂಗಿದರು:

"ಇಪ್ಪತ್ತೈದು! ಇದು ಇಪ್ಪತ್ತೈದು! ಅವನೇ ಗೆದ್ದಿರೋದು!"

ಮೈದಾನ ಸ್ತಬ್ಧವಾಯಿತು. ಶ್ ಸರ್ ಬಾಯಿಂದ ಇಂಥ ಧ್ವನಿ ಹೊರಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಆ ಮೌನದಲ್ಲಿ ಗೂಡ್ಸ್ ಗಾಡಿ ಗೆರೆ ದಾಟಿ, ಬೇರೆಲ್ಲೂ ಬೀಳದೆ ಪಿ.ಟಿ. ಮೇಷ್ಟ್ರ ಬೆನ್ನ ಹಿಂದೆ ಹೋಗಿ ಕುಸಿದ.

ಆಮೇಲೆ ಶುರುವಾಯಿತು ನೋಡಿ. ಸೇತುವೆಯಾಚೆಯ ಕೋಚ್ ಮೀಸೆ ಕುಣಿಸುತ್ತ ಬಂದರು. "ಇದೇನ್ರೀ ಅನ್ಯಾಯ? ತಮ್ಮ ಕಾಲೇಜು ಸೋತ ಮೇಲೆ ಲೆಕ್ಕ ತಪ್ಪಿತಂತೆ! ಬೇಕಾದ್ರೆ ನಮ್ಮ ಹುಡುಗ ಇನ್ನೊಂದು ಸುತ್ತು ಈಗಲೇ ಓಡ್ತಾನೆ!" ಬಾಣ ಮಲಗಿದ್ದಲ್ಲಿಂದಲೇ, "ಸರ್, ಶೂ ಯಾರೋ ತಗೊಂಡ್ಹೋದ್ರು" ಎಂದ.

ಮುಖ್ಯ ತೀರ್ಪುಗಾರ್ತಿ ಬಂದರು. ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ ನಿವೃತ್ತರಾದ ಹೆಂಗಸು, ಕಾಗದದಲ್ಲಿ ಇಲ್ಲದ್ದನ್ನು ನಂಬುವವರಲ್ಲ. "ಏನು ಸಾಕ್ಷಿ?" ಎಂದರು.

ಶ್ ಸರ್ ಮಡಿಸಿದ ಕಾರ್ಡು ಮುಂದೆ ಹಿಡಿದರು. "ಇದು ಮೇಜಿನ ಕಾಲ ಕೆಳಗಿತ್ತು. ಯಾರಿಟ್ರೋ ಗೊತ್ತಿಲ್ಲ."

"ಅಯ್ಯೋ, ಅದು ನಾನೇ ಭಾವ! ಮೇಜು ಅಲುಗಾಡ್ತಿತ್ತು, ಪ್ಯಾಂಟೆಲ್ಲ ಟೀ ಆಯ್ತು!" ಎಂದ ಮೈಕಾಸುರ. ಮೈಕು ಆನ್ ಆಗಿಯೇ ಇದ್ದದ್ದರಿಂದ ಈ ತಪ್ಪೊಪ್ಪಿಗೆಯನ್ನು ಇಡೀ ಮೈದಾನ ಕೇಳಿತು. ಅವನು ನಾಲಿಗೆ ಕಚ್ಚಿಕೊಂಡ. ಅದೂ ಮೈಕಿನಲ್ಲಿ ಕೇಳಿಸಿತು.

"ಅದಕ್ಕೇ ಒಂದೂವರೆ ನಿಮಿಷದ ದಾಖಲೆ" ಎಂದು ತೀರ್ಪುಗಾರ್ತಿ ತಲೆಯಾಡಿಸಿದರು. "ಸರಿ, ನಿಯಮ ಏನನ್ನುತ್ತೆ ನೋಡೋಣ. ನನಗೆ ಬಾಯಿಪಾಠ ಇದೆ, ಆದ್ರೆ ಬಾಯಿಪಾಠ ದಾಖಲೆ ಅಲ್ಲ. ಕ್ರೀಡಾ ನಿಯಮಾವಳಿ ತನ್ನಿ."

"ಲೈಬ್ರರಿಯಲ್ಲಿದೆ" ಎಂದರು ಪಿ.ಟಿ. ಮೇಷ್ಟ್ರು. ಆ ಪುಸ್ತಕವನ್ನು ಅವರು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಒಯ್ದವರಲ್ಲ.

"ಲೈಬ್ರರಿಯಲ್ಲಿಲ್ಲ." ಶ್ ಸರ್ ಕಾರ್ಡಿನ ಮಡಿಕೆ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು. "ಕ್ರೀಡಾ ನಿಯಮಾವಳಿ, ಒಂದೇ ಪ್ರತಿ. ಒಯ್ದು ಹನ್ನೊಂದು ತಿಂಗಳಾಯ್ತು. ಒಯ್ದವರು..." ಅವರು ತಲೆಯೆತ್ತಿ ಮೇಷ್ಟ್ರ ಬೆನ್ನ ಹಿಂದೆ ನೋಡಿದರು.

ಎಲ್ಲರೂ ನೋಡಿದರು. ಗೂಡ್ಸ್ ಗಾಡಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಹಾಸ್ಟೆಲಲ್ಲಿದೆ ಸರ್. ನನ್ನ ಮಂಚದ ಒಂದು ಕಾಲು ಮುರಿದಿತ್ತು. ಅದರ ಕೆಳಗೆ ಇಟ್ಟಿದ್ದೀನಿ."

ಮೈಕಾಸುರ ಹಾಸ್ಟೆಲಿಗೆ ಓಡಿದ. ಹತ್ತು ನಿಮಿಷದಲ್ಲಿ ಪುಸ್ತಕ ಬಂತು, ರಟ್ಟಿನ ಮೇಲೆ ದುಂಡನೆಯ ಗುರುತು ಬಿದ್ದಿತ್ತು. ಮಂಚ ಬಿದ್ದಿತಂತೆ. ತೀರ್ಪುಗಾರ್ತಿ ಪುಟ ತಿರುವಿ, ಗಂಟಲು ಸರಿಮಾಡಿಕೊಂಡು ಓದಿದರು: ಪೂರ್ಣ ದೂರ ಓಡಿದವನೇ ಓಟ ಮುಗಿಸಿದವನು; ಯಾವ ಕಾರಣಕ್ಕಾಗಲಿ ಮೊದಲೇ ಹಾದಿ ಬಿಟ್ಟವನು ಮುಗಿಸಿದವನಲ್ಲ. "ಮುಗೀತು. ಗೆದ್ದವನು ಇವನೇ" ಎಂದು ಪುಸ್ತಕ ಮುಚ್ಚಿದರು.

ಪ್ರಿನ್ಸಿಪಾಲರ ಕಣ್ಣಲ್ಲಿ ನೀರಾಡಿತು. "ನೋಡಿದ್ರಾ! ನಮ್ಮ ಹುಡುಗ ನಿಯಮ ಓದ್ಕೊಂಡೇ ಓಡಿದ್ದಾನೆ! ಎಲ್ಲರೂ ನಿಂತರೂ ತಾನು ನಿಲ್ಲಲಿಲ್ಲ!"

"ಸರ್, ಅದು ಏನಂದ್ರೆ..." ಎಂದು ಗೂಡ್ಸ್ ಗಾಡಿ ಬಾಯಿ ತೆರೆದ. ಅಷ್ಟರಲ್ಲಿ ಅವನನ್ನು ಹೆಗಲ ಮೇಲೆ ಎತ್ತಿಯಾಗಿತ್ತು.

ಶ್ ಸರ್ ಒಬ್ಬರೇ ಮೇಜಿನ ಹಿಂದೆ ಕೂತರು. ಎಲ್ಲರೂ ಕುಣಿಯುತ್ತಿದ್ದರು, ಅವರಿಗೆ ಅಳು ಬರುವಂತಿತ್ತು. ತಮ್ಮ ಕೈಯಾರೆ ಬಾರಿಸಿದ ಗಂಟೆ, ತಮ್ಮ ಕೈಯಾರೆ ಕಳೆದುಕೊಂಡ ಕೋಣೆ. ಆದರೂ ಇಪ್ಪತ್ತೈದು ಕಾರ್ಡೂ ಕೆಂಪು ಪೆಟ್ಟಿಗೆಗೆ ಸೇರಿದವಲ್ಲ ಎಂದು ಎದೆಯ ಒಂದು ಮೂಲೆ ನೆಟ್ಟಗೆ ನಿಂತಿತ್ತು.

ಬಹುಮಾನದ ವೇದಿಕೆಗೆ ಪ್ರಿನ್ಸಿಪಾಲರು ಕೈ ಹಿಡಿದು ಅವರನ್ನೂ ಹತ್ತಿಸಿದರು. "ಸ್ನೇಹಿತರೇ, ಈ ಕಪ್ ಗೆದ್ದರೆ ಇವರ ಓದುವ ಕೋಣೆ ಹೋಗುತ್ತೆ ಅಂತ ಇವರಿಗೆ ಗೊತ್ತಿತ್ತು. ಆ ಕಾರ್ಡನ್ನ ಮುಚ್ಚಿಟ್ಟಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಆದರೂ ಹೇಳಿದ್ರು! ಇಂಥ ಮನುಷ್ಯನ ಕೋಣೆಗೆ ನಾನು ಕೈ ಹಚ್ಚೋದೇ? ಓದುವ ಕೋಣೆ ಎಲ್ಲಿದೆಯೋ ಅಲ್ಲೇ ಇರುತ್ತೆ. ನಾನಿರೋವರೆಗೂ ಇರುತ್ತೆ. ಕಪ್ ನನ್ನ ಕಚೇರಿಯಲ್ಲಿರ್ಲಿ."

ಶ್ ಸರ್ ತಮ್ಮ ಕಿವಿಯನ್ನು ತಾವೇ ನಂಬಲಿಲ್ಲ. ಸತ್ಯ ಹೇಳಿದ್ದಕ್ಕೆ ಒಳ್ಳೆಯದಾಯಿತು! ಅವರ ಕಣ್ಣು ತುಂಬಿ ಬಂತು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು, ನಾಳೆ ಆ ಮೇಜನ್ನು ಅದರ ಉಬ್ಬಿನ ಮೇಲೆ ಇಡಿಸಬೇಕು ಎಂದೆಲ್ಲ ಲೆಕ್ಕ ಹಾಕತೊಡಗಿದರು. ಸಭೆ ಅಲ್ಲಿಗೇ ಮುಗಿದಿದ್ದರೆ ಈ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗೆದ್ದವನು ಎರಡು ಮಾತಾಡಲಿ ಎಂದು ಯಾರೋ ಕೂಗಿದರು, ಮೈಕಾಸುರ ಮೈಕನ್ನು ಗೂಡ್ಸ್ ಗಾಡಿಯ ಬಾಯಿಗೆ ಹಿಡಿದ.

ಗೂಡ್ಸ್ ಗಾಡಿ ಪ್ರಾಮಾಣಿಕ ಹುಡುಗ. ಪ್ರಾಮಾಣಿಕತೆಯನ್ನು ಹೊಗಳಿದ್ದು ಈಗಷ್ಟೇ ಕೇಳಿದ್ದ ಬೇರೆ.

"ಎಲ್ಲರಿಗೂ ನಮಸ್ಕಾರ. ನಾನು ನಿಯಮ ಗಿಯಮ ಓದಿಲ್ಲ. ಸುತ್ತೂ ಎಣಿಸಿಲ್ಲ. ಗಂಟೆ ಹೊಡೆದಾಗ ಮುಗೀತು ಅಂದ್ಕೊಂಡು ನಿಲ್ಲೋಕೇ ಬಂದೆ. ಆಗ ಶ್ ಸರ್... ಅಂದ್ರೆ ಲೈಬ್ರರಿ ಸರ್ ಕೈಯಲ್ಲಿ ಕಾರ್ಡು ಹಿಡ್ಕೊಂಡು, ನಗ್ತಾ ನನ್ನ ಕಡೆಗೇ ಬಂದ್ರು. ಅವರು ನಕ್ಕಿದ್ದು ನಾನು ಯಾವತ್ತೂ ನೋಡಿಲ್ಲ. ಪುಸ್ತಕ ಕೇಳೋಕೇ ಬಂದ್ರು ಅಂತ ಜೀವ ಬಾಯಿಗೆ ಬಂತು. ಓಡ್ಬಿಟ್ಟೆ. ನಾನು ಗೆದ್ದಿದ್ರೆ ಅದು ಸರ್ ಭಯದಿಂದ."

ಸಿಡಿದ ಚಪ್ಪಾಳೆಗೆ ವೇದಿಕೆಯೇ ನಡುಗಿತು. ಪಿ.ಟಿ. ಮೇಷ್ಟ್ರು ಪ್ರಿನ್ಸಿಪಾಲರ ಕಿವಿಗೆ ಬಾಯಿ ಹಚ್ಚಿದರು. ಪ್ರಿನ್ಸಿಪಾಲರ ಮುಖ ಅರಳಿತು. ಅವರು ಮತ್ತೆ ಮೈಕಿಗೆ ಬಂದರು.

"ಒಂಬತ್ತು ವರ್ಷದಿಂದ ಮೇಷ್ಟ್ರು ಸೀಟಿ ಊದಿ ಆಗದ್ದನ್ನ, ಇವರು ಒಂದು ಕಾರ್ಡು ತೋರಿಸಿ ಮಾಡಿದ್ದಾರೆ! ಇಂಥವರನ್ನ ಪುಸ್ತಕದ ನಡುವೆ ಕೂರಿಸಿದ್ದು ನಮ್ಮ ತಪ್ಪು. ನಾಳೆಯಿಂದ ಇವರು ಕ್ರೀಡಾ ವಿಭಾಗದ ವಿಶೇಷ ಅಧಿಕಾರಿ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮೈದಾನದಲ್ಲೇ ಇರ್ತಾರೆ!"

"ಸರ್, ಗ್ರಂಥಾಲಯ..." ಎಂದು ಶ್ ಸರ್ ಪಿಸುಗುಟ್ಟಿದರು. ಕೂಗಿ ಕೂಗಿ ಅವರ ಗಂಟಲು ಕಟ್ಟಿಹೋಗಿತ್ತು.

"ಅದರ ಚಿಂತೆ ಬಿಡಿ. ನಿಮ್ಮ ಭಾವಮೈದುನ ಇದ್ದಾನಲ್ಲ. ಅಲುಗಾಡೋ ಮೇಜನ್ನ ಒಂದು ಕ್ಷಣದಲ್ಲಿ ನಿಲ್ಲಿಸಿದ ಹುಡುಗ! ಲೈಬ್ರರಿ ಅವನು ನೋಡ್ಕೊಳ್ತಾನೆ."

ಮರುದಿನ ಬೆಳಿಗ್ಗೆ ಶ್ ಸರ್ ಕೆಂಪು ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೈದಾನದ ನಡುವೆ ನಿಂತಿದ್ದರು. ಆಚೆ ಓದುವ ಕೋಣೆ ಕಾಣುತ್ತಿತ್ತು. ಆರು ಮೇಜೂ ಇದ್ದವು. ಗಿಡ್ಡಗಾಲಿನ ಮೇಜು ಅದರ ಜಾಗಕ್ಕೇ ಮರಳಿತ್ತು, ಅದರ ಹಿಂದೆ ಅವರ ಕುರ್ಚಿಯಲ್ಲಿ ಮೈಕಾಸುರ ಕೂತಿದ್ದ. ತೆರೆದ ಕಿಟಕಿಯಿಂದ ಅವನ ಧ್ವನಿ ಮೈದಾನದ ನಡುವಿನವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಓದುಗ ಮಿತ್ರರೇ, ಸುಸ್ವಾಗತ! ಈಗ ಮೂರನೇ ಮೇಜಿನಲ್ಲಿ ಒಬ್ರು ಇತಿಹಾಸದ ಪುಸ್ತಕ ತೆರೀತಿದ್ದಾರೆ! ಪುಟ ತಿರುವಿದ್ರು! ಮತ್ತೊಂದು ಪುಟ! ಜೋರಾಗಿ ಒಂದು ಚಪ್ಪಾಳೆ!"

ಶ್ ಸರ್‌ಗೆ ಸಹಿಸಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ "ಶ್" ಎಂದರು.

ಗೆರೆಯ ಮೇಲೆ ಕಾಯುತ್ತ ನಿಂತಿದ್ದ ಗೂಡ್ಸ್ ಗಾಡಿ ಮತ್ತು ಅವನ ಸಂಗಡಿಗರು ಅದನ್ನೇ ಸೂಚನೆ ಎಂದುಕೊಂಡು ಓಡತೊಡಗಿದರು.